ನೂರ ಹದಿನೇಳನೆಯ ಮುಚ್ಚಳ

ಕಬ್ಬಿಣ ಕದ್ದವರು ಆ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಸಿಕ್ಕಿಬಿದ್ದವನು ಮಾತ್ರ ಒಬ್ಬನೇ, ಮುಚ್ಚಳದ ಮೇಸ್ತ್ರಿ. ಸೇತುವೆಯ ಕಂಬಿ, ಉದ್ಯಾನದ ಗೇಟು, ದೀಪದ ಕಂಬದ ಬುಡಕ್ಕೆ ಹೊದಿಸಿದ ತಗಡು, ಕಂಡದ್ದನ್ನೆಲ್ಲ ಕಿತ್ತು ಗುಜರಿಗೆ ಹಾಕಿದವರು ಇವತ್ತಿಗೂ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಸ್ವಚ್ಛ ಆಡಳಿತದ ಬಗ್ಗೆ ಭಾಷಣವನ್ನೂ ಮಾಡುತ್ತಾರೆ. ಮೇಸ್ತ್ರಿಯ ಕಡತದ ಮೇಲೆ ಮಾತ್ರ ‘ಸಾರ್ವಜನಿಕ ಲೋಹವಸ್ತುವಿನ ಕಳವು, ಆರೋಪಿ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಅವನು ಕದ್ದ ಮಾಲು ಒಂದೇ ಒಂದು. ಅದನ್ನು ಅವನು ಮಾರಲಿಲ್ಲ, ಮನೆಯೊಳಕ್ಕೂ ತರಲಿಲ್ಲ.

ಮೊದಲು ಅವನ ಕೆಲಸ ಏನು ಅಂತ ಹೇಳಿಬಿಡಬೇಕು. ನಗರಸಭೆಯಲ್ಲಿ ಮೂವತ್ತನಾಲ್ಕು ವರ್ಷ ಅವನು ಮಾಡಿದ್ದು ಒಳಚರಂಡಿಯ ಗುಂಡಿಗಳ ಮುಚ್ಚಳ ತೆಗೆಯುವುದು, ಹಾಕುವುದು. ಇದೇನು ಮಹಾ ವಿದ್ಯೆ ಎಂದು ಮೂಗು ಮುರಿಯುವವರು ಒಂದು ಸಲ ಎತ್ತಿ ನೋಡಬೇಕು. ಎರಕದ ಕಬ್ಬಿಣದ ಒಂದೊಂದು ಮುಚ್ಚಳ ಮೈತುಂಬಿದ ಗಂಡಸಿನಷ್ಟು ತೂಕ. ಬೇರೆ ಯಾರೇ ಆದರೂ ಇಬ್ಬರು ಬೇಕು, ಜೊತೆಗೆ ಬೈಗುಳ ಬೇಕು. ಮೇಸ್ತ್ರಿ ಒಬ್ಬನೇ ಕೊಕ್ಕೆ ಹಾಕಿ ಅಂಚು ಎತ್ತಿ, ಮೊಣಕಾಲಿನಿಂದ ಒತ್ತು ಕೊಟ್ಟು, ಮುಚ್ಚಳವನ್ನು ಅದರ ಅಂಚಿನ ಮೇಲೆ ನಿಲ್ಲಿಸಿ, ಒಂದು ಕೈ ಆನಿಸಿ ಉರುಳಿಸಿಕೊಂಡು ಹೋಗುತ್ತಿದ್ದ. ಅದು ಕರೆದ ಕಡೆ ಬರುವ ಕರುವಿನ ಹಾಗೆ ಅವನ ಪಕ್ಕದಲ್ಲೇ ಬರುತ್ತಿತ್ತು.

ಇನ್ನೊಂದು ಗುಟ್ಟು ಅವನಿಗಷ್ಟೇ ಗೊತ್ತಿತ್ತು. ಆ ಹಳೆಯ ಮುಚ್ಚಳಗಳನ್ನೂ ಅವು ಕೂರುವ ಕಬ್ಬಿಣದ ಬಳೆಗಳನ್ನೂ ಕಾರ್ಖಾನೆಯವರು ಜೋಡಿ ಜೋಡಿಯಾಗಿ ಉಜ್ಜಿ ಕೂರಿಸಿದ್ದರು. ಎರಡಕ್ಕೂ ಒಂದೇ ಅಂಕಿ, ಮುಚ್ಚಳದ ಹೊಟ್ಟೆಯಡಿ ಉಳಿಯಲ್ಲಿ ಕೊರೆದದ್ದು. ಒಂದರ ಬಳೆಗೆ ಇನ್ನೊಂದರ ಮುಚ್ಚಳ ಹಾಕಿದರೆ ಕೂರುತ್ತದೆ, ಆದರೆ ಕಾಲಿಟ್ಟಾಗಲೆಲ್ಲ ಗಡಗಡ ಅನ್ನುತ್ತದೆ. ಸರಿಯಾದ ಜೋಡಿ ಅಲುಗುವುದಿಲ್ಲ. ಕೋಲಿನಿಂದ ಕುಟ್ಟಿದರೆ ಠಣ್ ಎಂದು ಒಂದೇ ಸದ್ದು ಕೊಡುತ್ತದೆ. ಊರಿನ ನಾನೂರ ಇಪ್ಪತ್ತಮೂರು ಮುಚ್ಚಳಗಳಲ್ಲಿ ಯಾವುದು ಎಲ್ಲಿಯದು ಅಂತ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದ. ಕೇಳುವವರು ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಅವನಿಗೊಂದು ಆಸೆ ಇತ್ತು. ಕಪ್ಪುಚುಕ್ಕೆ ಇಲ್ಲದೆ ನಿವೃತ್ತರಾದವರಿಗೆ ನಗರಸಭೆ ಒಂದು ಗೋಡೆ ಗಡಿಯಾರ ಕೊಡುತ್ತಿತ್ತು. ಸಾಹೇಬರು ಗಡಿಯಾರವನ್ನು ಕೈಗಿಟ್ಟು, ಇನ್ನೊಂದು ಕೈಯಿಂದ ಕೈ ಕುಲುಕುತ್ತಿರುವ ಹಾಗೆ ಒಂದು ಫೋಟೊ ತೆಗೆಸುತ್ತಿದ್ದರು. ಆ ಫೋಟೊ ಕಚೇರಿಯ ಮೆಟ್ಟಿಲ ಪಕ್ಕದ ಗೋಡೆಗೆ ಬರುತ್ತಿತ್ತು. ಮೆಟ್ಟಿಲ ಕೆಳಗೆ ಊಟದ ಡಬ್ಬಿ ಬಿಚ್ಚುತ್ತ ಮೇಸ್ತ್ರಿ ಆ ಸಾಲಿನಲ್ಲಿ ಖಾಲಿ ಉಳಿದಿದ್ದ ಜಾಗವನ್ನು ದಿನಾ ನೋಡುತ್ತಿದ್ದ. ನಿವೃತ್ತಿಗೆ ಇನ್ನೂ ಒಂದು ವರ್ಷ ಇರುವಾಗಲೇ ಮನೆಯ ಮುಂದಿನ ಕೋಣೆಯಲ್ಲಿ, ಬಾಗಿಲ ಪಕ್ಕಕ್ಕೆ, ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ ಒಂದು ಮೊಳೆ ಹೊಡೆದಿದ್ದ.

“ಗಡಿಯಾರ ಬರೋಕೆ ಮುಂಚೆ ಮೊಳೆಗೆ ತುಕ್ಕು ಹಿಡಿಯತ್ತೆ ನೋಡ್ತಿರಿ,” ಎಂದಿದ್ದಳು ಹೆಂಡತಿ.

“ನಿನಗೆ ಟಿಕ್ ಟಿಕ್ ಕೇಳಿಸ್ಲಿ ಅಂತ ಕಣೇ. ಗಂಟೆ ಎಷ್ಟು ಅಂತ ಹತ್ತು ಸಲ ನನ್ನ ಕೇಳ್ತೀಯಲ್ಲ.”

ಅವಳು ಕೇಳುತ್ತಿದ್ದುದಕ್ಕೆ ಕಾರಣವಿತ್ತು. ಏಳು ವರ್ಷಗಳಿಂದ ಅವಳ ಕಣ್ಣು ಮೆಲ್ಲಮೆಲ್ಲನೆ ಮಂಜಾಗುತ್ತ ಬಂದು, ಕೊನೆಗೆ ಹಗಲೋ ರಾತ್ರಿಯೋ ಎಂಬುದಷ್ಟೇ ತಿಳಿಯುವ ಹಾಗಾಗಿತ್ತು. ಡಾಕ್ಟರುಗಳು ಕೈ ಚೆಲ್ಲಿದ್ದರು. ಅವಳು ಮಾತ್ರ ಕೈಕಟ್ಟಿ ಕೂರಲಿಲ್ಲ. ಬೀದಿಯ ಕೊನೆಯಲ್ಲಿದ್ದ ಟೈಲರ್ ಅಂಗಡಿಯಿಂದ ಅಂಗಿಗಳ ಗಂಟು ತಂದು ಗುಂಡಿ ಹೊಲಿಯುವ ಕೆಲಸವನ್ನು ಬೆರಳಿನ ಲೆಕ್ಕದಲ್ಲೇ ಮಾಡುತ್ತಿದ್ದಳು. ಕಣ್ಣಿದ್ದವರು ಹೊಲಿದ ಗುಂಡಿ ಎರಡನೇ ಒಗೆತಕ್ಕೆ ಉದುರುತ್ತದೆ, ಅಕ್ಕನ ಗುಂಡಿ ಅಂಗಿ ಹರಿದರೂ ಉಳಿಯುತ್ತದೆ ಎಂದು ಟೈಲರ್ ಗಿರಾಕಿಗಳ ಮುಂದೆ ಹೇಳುತ್ತಿದ್ದ.

ಅಂಗಡಿಗೆ ಅವಳು ಒಬ್ಬಳೇ ಹೋಗಿ ಬರುತ್ತಿದ್ದಳು. ಬೀದಿ ಕಿರಿದು, ಒಂದು ಕಡೆ ಗೋಡೆ, ಇನ್ನೊಂದು ಕಡೆ ತೆರೆದ ಚರಂಡಿ, ನಟ್ಟನಡುವೆ ಒಳಚರಂಡಿಯ ಗುಂಡಿ. ಅದರ ಮುಚ್ಚಳವೇ ನೂರ ಹದಿನೇಳು. ಹೊಸ್ತಿಲಿಂದ ಇಪ್ಪತ್ತೆರಡು ಹೆಜ್ಜೆ ನಡೆದು ಕೋಲು ಕುಟ್ಟಿದರೆ ಠಣ್. ಬೀದಿ ತಿರುಗುವುದು ಅಲ್ಲೇ. ಅದರ ಜೊತೆ ಎಡಕ್ಕೆ ತಿರುಗಿ ಹದಿನೈದು ಹೆಜ್ಜೆಗೆ ಟೈಲರ್ ಅಂಗಡಿಯ ಮೆಟ್ಟಿಲು. ಬೇರೆಯವರಿಗೆ ಆ ಬೀದಿಯಲ್ಲಿ ಬಾಗಿಲು, ಕಿಟಕಿ, ಬೋರ್ಡು ಎಲ್ಲ ಇತ್ತು. ಅವಳಿಗೆ ಇದ್ದದ್ದು ಆ ಒಂದು ಠಣ್. ಕಣ್ಣು ಪೂರ್ತಿ ಹೋದ ವಾರ ಮೇಸ್ತ್ರಿ ಅವಳ ಕೈ ಹಿಡಿದುಕೊಂಡು ನಲವತ್ತು ಸಲ ಆ ದಾರಿ ನಡೆಸಿದ್ದ. “ಈ ಮುಚ್ಚಳ ನನ್ನ ಕೈಕೆಳಗಿನದು. ಇದಿರೋವರೆಗೂ ನೀನು ಹೆದರಬೇಡ,” ಎಂದು ಮಾತು ಕೊಟ್ಟಿದ್ದ.

ಹೀಗಿರುವಾಗ ಹಳೆಯ ಕಬ್ಬಿಣದ ಬೆಲೆ ಏರಿತು. ಬೆಲೆ ಏರಿದ ತಿಂಗಳೇ ಊರಿನಲ್ಲಿ ಹನ್ನೊಂದು ಮುಚ್ಚಳಗಳು ಕಾಣೆಯಾದವು. ಕದ್ದವರು ಹಾಡಹಗಲೇ ಬಂದಿದ್ದರು. ತಲೆಗೆ ಹಳದಿ ಟೊಪ್ಪಿ, ಸುತ್ತ ಹಗ್ಗ, ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಬೋರ್ಡು. ಜನ ಸುತ್ತುಹಾಕಿಕೊಂಡು ಹೋಗಿದ್ದರು. ಒಂದು ಕಡೆ ಅವರಿಗೆ ನೀರನ್ನೂ ಕೊಟ್ಟಿದ್ದರಂತೆ. ಪತ್ರಿಕೆಯಲ್ಲಿ ಸುದ್ದಿ ಬಂದು, ಮೇಲಿನವರು ಸಾಹೇಬರ ಕಿವಿ ಹಿಂಡಿದರು.

ಸಾಹೇಬರು ಎಂದರೆ ನಗರಸಭೆಯ ಮುಖ್ಯಾಧಿಕಾರಿ. ಕೆಟ್ಟವರಲ್ಲ. ಸಮಸ್ಯೆ ಬಂದರೆ ಅದನ್ನು ಬುಡಸಮೇತ ಕೀಳಬೇಕು ಎನ್ನುವ ಛಲದವರು. ಬುಡ ಯಾವುದು ಎಂಬ ವಿಷಯದಲ್ಲಿ ಮಾತ್ರ ಆಗಾಗ ಎಡವುತ್ತಿದ್ದರು. ಸಭೆ ಕರೆದು ಎಲ್ಲರ ಮಾತನ್ನೂ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೊನೆಗೆ ಹೇಳಿದರು:

“ಮುಚ್ಚಳ ರಸ್ತೆ ಮೇಲೆ ಇದ್ರೆ ತಾನೇ ಕದಿಯೋದು?”

ಸಭೆಗೆ ಉಸಿರು ನಿಂತ ಹಾಗಾಯಿತು. ಇಷ್ಟು ಸುಲಭದ ಉಪಾಯ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಉಳಿದಿರುವ ನಾನೂರ ಹನ್ನೆರಡು ಮುಚ್ಚಳಗಳನ್ನೂ ರಸ್ತೆಯಿಂದ ತೆಗೆದು ನಗರಸಭೆಯ ಉಗ್ರಾಣದಲ್ಲಿ ಬೀಗ ಹಾಕಿ ಇಡುವುದು, ಕಳ್ಳರು ಮುಟ್ಟದಂಥ ಸಿಮೆಂಟಿನ ಮುಚ್ಚಳ ಬರುವವರೆಗೆ ಗುಂಡಿಗಳ ಪಕ್ಕ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುವುದು ಎಂದು ತೀರ್ಮಾನವಾಯಿತು. ಮುಚ್ಚಳ ತೆಗೆಯಬಲ್ಲವನು ಒಬ್ಬನೇ ಆದ್ದರಿಂದ ಕೆಲಸ ಮೇಸ್ತ್ರಿಯ ಪಾಲಿಗೆ ಬಂತು. ಉಗ್ರಾಣದ ಕಾವಲಿಗೂ ಅವನೇ ನೇಮಕವಾದ.

“ಸಾರ್, ಜನ ಬೀಳ್ತಾರೆ,” ಎಂದ ಮೇಸ್ತ್ರಿ.

“ಜನಕ್ಕೆ ಕಣ್ಣಿಲ್ವೇನ್ರೀ?” ಎಂದರು ಸಾಹೇಬರು.

ಮೇಸ್ತ್ರಿಯದು ಮೂವತ್ತನಾಲ್ಕು ವರ್ಷ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ ನಾಲಿಗೆ, ಆ ಹೊತ್ತಿಗೆ ತಿರುಗಲಿಲ್ಲ. ಗಡಿಯಾರದ ಆಸೆಯೂ ಸ್ವಲ್ಪ ಇತ್ತು ಎಂದು ಆಮೇಲೆ ಅವನೇ ಒಪ್ಪಿಕೊಂಡಿದ್ದಾನೆ. ನೂರ ಹದಿನೇಳನ್ನು ಕೊನೆಗೆ ಉಳಿಸಿಕೊಂಡು, ಅಷ್ಟರಲ್ಲಿ ಆದೇಶ ಬದಲಾದೀತು ಎಂದು ಕಾದ. ಬದಲಾಗಲಿಲ್ಲ. ಹದಿನೆಂಟನೆಯ ದಿನ ಬೆಳಿಗ್ಗೆ ಕಿರಿಯ ಇಂಜಿನಿಯರು ಪಟ್ಟಿ ಹಿಡಿದುಕೊಂಡು ಬೀದಿಗೇ ಬಂದು ನಿಂತ. ಮೇಸ್ತ್ರಿ ಹೆಂಡತಿಗೆ ಕೂಗಿ ಹೇಳಿದ, “ಮುಚ್ಚಳ ತೆಗೀತಿದೀನಿ ಕಣೇ, ಸಾಯಂಕಾಲ ಬಂದು ಏನಾದರೂ ದಾರಿ ಮಾಡ್ತೀನಿ. ಅಲ್ಲಿವರೆಗೆ ಹೊರಗೆ ಬರಬೇಡ.” ಒಳಗೆ ನಲ್ಲಿ ಬಿಟ್ಟಿತ್ತು. ಅವಳಿಗೆ ಕೇಳಿಸಲಿಲ್ಲ. ಅವಳು ಉತ್ತರ ಕೊಡಲಿಲ್ಲ ಅನ್ನುವುದನ್ನು ಅವನು ಗಮನಿಸಲೂ ಇಲ್ಲ. ಇಂಜಿನಿಯರು ಕೈಗಡಿಯಾರ ನೋಡುತ್ತಿದ್ದ.

ಹತ್ತು ಗಂಟೆಗೆ ಅವಳು ಅಂಗಿಗಳ ಗಂಟು ಕಂಕುಳಲ್ಲಿಟ್ಟು ಹೊರಟಳು. ಇಪ್ಪತ್ತೆರಡನೆಯ ಹೆಜ್ಜೆಗೆ ಕೋಲು ಕುಟ್ಟಿದಳು. ಸದ್ದು ಬರಲಿಲ್ಲ. ಕೋಲು ಏನನ್ನೂ ತಾಕದೆ ಒಳಗಿಳಿದು, ಹಿಡಿತ ತಪ್ಪಿ ಕೈಯಿಂದ ಜಾರಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ ನೀರಿನಲ್ಲಿ ಬಿದ್ದದ್ದು ಕೇಳಿಸಿತು. ಅವಳು ಇದ್ದಲ್ಲೇ ನಿಂತಳು. ಎದುರಿಗೆ ಗುಂಡಿ, ಎಡಕ್ಕೆ ಚರಂಡಿ, ಬಲಕ್ಕೆ ಗೋಡೆ ಎಷ್ಟು ದೂರವೋ ಮರೆತುಹೋಗಿತ್ತು. ಟೈಲರ್ ಅಂಗಡಿಯ ಬಾಗಿಲಿಗೆ ಬಂದು ನೋಡುವ ಹೊತ್ತಿಗೆ ಅವಳ ಮುಂಗಾಲು ಗುಂಡಿಯ ಅಂಚಿನ ಮೇಲಿತ್ತು, ಗಂಟನ್ನು ಎರಡೂ ಕೈಯಿಂದ ಎದೆಗವುಚಿಕೊಂಡಿದ್ದಳು.

“ಅಕ್ಕ, ಅಲ್ಲೇ ಇರಿ. ಹಿಂದಕ್ಕೂ ಬೇಡ, ಮುಂದಕ್ಕೂ ಬೇಡ,” ಎನ್ನುತ್ತ ಅವನು ಓಡಿಬಂದು ತೋಳು ಹಿಡಿದ.

ಸಾಯಂಕಾಲ ವಿಷಯ ತಿಳಿದ ಮೇಸ್ತ್ರಿ ಹೊಸ್ತಿಲ ಮೇಲೇ ಕುಳಿತುಬಿಟ್ಟ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಕೋಲು ಹೋಯ್ತು ರೀ,” ಎಂದಳು ಅಷ್ಟೆ. ಮರುದಿನದಿಂದ ಅವಳು ಹೊರಗೆ ಕಾಲಿಡಲಿಲ್ಲ. ಟೈಲರ್ ತಾನೇ ಗಂಟು ತಂದು ಕೊಡುತ್ತೇನೆ ಎಂದ. ಎರಡು ವಾರ ತಂದ, ಮೂರನೆಯ ವಾರ ಮರೆತ. ಅವನದು ತಪ್ಪು ಎನ್ನಲಾಗದು. ಅವಳು ಕಿಟಕಿಯ ಬಳಿ ಕುಳಿತು, ಹೊಲಿದ ಗುಂಡಿಗಳನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಕೈಲಾದದ್ದನ್ನೆಲ್ಲ ಮೇಸ್ತ್ರಿ ಮಾಡಿ ನೋಡಿದ. ಗುಂಡಿಯ ಮೇಲೆ ಹಲಗೆ ಹಾಕಿದ. ಮೂರನೆಯ ದಿನ ಹಲಗೆಯನ್ನು ಯಾರೋ ಒಲೆಗೆ ಒಯ್ದರು. ತನ್ನ ಬಚ್ಚಲುಮನೆಯ ಬಾಗಿಲನ್ನೇ ಕಿತ್ತು ತಂದು ಹಾಸಿದ. ಸಾರ್ವಜನಿಕ ರಸ್ತೆಯಲ್ಲಿ ಖಾಸಗಿ ಬಾಗಿಲು ಎಂದು ಅತಿಕ್ರಮಣ ತೆರವು ವಿಭಾಗದವರು ಎತ್ತಿಕೊಂಡು ಹೋಗಿ ಉಗ್ರಾಣಕ್ಕೆ ತಂದರು. ತನ್ನ ಬಚ್ಚಲ ಬಾಗಿಲನ್ನು ತಾನೇ ಸಹಿ ಹಾಕಿ ಒಳಗೆ ತೆಗೆದುಕೊಳ್ಳಬೇಕಾಯಿತು. ಅರ್ಜಿ ಬರೆದ: ನನ್ನ ಹೆಂಡತಿಗೆ ಕಣ್ಣು ಕಾಣದು, ಒಂದೇ ಒಂದು ಮುಚ್ಚಳ ವಾಪಸು ಹಾಕಲು ಅಪ್ಪಣೆಯಾಗಬೇಕು. ಅರ್ಜಿ ಐದು ಮೇಜು ಹತ್ತಿಳಿದು ಬಂತು. ಒಂದು ಗುಂಡಿಗೆ ಮುಚ್ಚಳ ಹಾಕಿದರೆ ಉಳಿದ ಗುಂಡಿಗಳವರೂ ಕೇಳುವ ಸಂಭವವಿರುವುದರಿಂದ ಕೋರಿಕೆಯನ್ನು ಪರಿಗಣಿಸಲಾಗದು ಎಂದು ಅದರ ಮೇಲೆ ಬರೆದಿತ್ತು.

ಅತ್ತ ಕಚೇರಿಯಲ್ಲಿ ಸಂಭ್ರಮ. ಮುಚ್ಚಳ ಕಳವು ಆ ತಿಂಗಳು ಸೊನ್ನೆ, ಮುಂದಿನ ತಿಂಗಳೂ ಸೊನ್ನೆ. ಮೇಲಿನವರಿಂದ ಮೆಚ್ಚುಗೆ ಪತ್ರ ಬಂದು ಸಾಹೇಬರ ಕುರ್ಚಿಯ ಹಿಂದೆ ಗಾಜಿನ ಚೌಕಟ್ಟಿನಲ್ಲಿ ನಿಂತಿತು. ಛತ್ರಿ ರಿಪೇರಿಯವನು ಮಾರುಕಟ್ಟೆಯ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಾಗ ಅದು ಆರೋಗ್ಯ ವಿಭಾಗದ ಕಡತಕ್ಕೆ ಹೋಯಿತು. ಅವನು ಬಿದ್ದ ಗುಂಡಿಯ ಮುಚ್ಚಳ ಮಾತ್ರ ಉಗ್ರಾಣದಲ್ಲಿ ಕೂದಲು ಕೊಂಕದೆ ಭದ್ರವಾಗಿತ್ತು.

ಆರು ತಿಂಗಳು ತುಂಬಿತು. ಸಿಮೆಂಟಿನ ಮುಚ್ಚಳದ ಕಡತ ಇನ್ನೂ ತೆವಳುತ್ತಿತ್ತು. ನಗರಸಭೆಯಲ್ಲಿ ಒಂದು ಹಳೆಯ ನಿಯಮ: ಉಗ್ರಾಣದಲ್ಲಿ ಆರು ತಿಂಗಳು ಬಳಕೆಯಾಗದೆ ಬಿದ್ದಿರುವ ವಸ್ತುವನ್ನು ನಿರುಪಯುಕ್ತವೆಂದು ಘೋಷಿಸಿ ಹರಾಜು ಹಾಕತಕ್ಕದ್ದು. ಲೆಕ್ಕ ತಪಾಸಣೆಗೆ ಬಂದವರು ಕತ್ತಲ ಉಗ್ರಾಣದಲ್ಲಿ ಬ್ಯಾಟರಿ ಬಿಟ್ಟು ನೋಡಿ, ಇಷ್ಟೊಂದು ಕಬ್ಬಿಣ ಯಾರಿಗೂ ಬೇಡವಾಗಿ ಬಿದ್ದಿದೆಯಲ್ಲ ಎಂದು ಆಕ್ಷೇಪ ಬರೆದರು. ಸಾಹೇಬರು ಗಾಬರಿಯಾಗಿ ಮುಚ್ಚಳಗಳನ್ನು ಹರಾಜಿಗಿಟ್ಟರು. ಕೊಂಡವನು ಊರ ಹೊರಗಿನ ಗುಜರಿ ಅಂಗಡಿಯವನು. ಮಾಲು ನೋಡಲು ಬಂದವನು ಮುಚ್ಚಳಗಳ ರಾಶಿಯ ಮೇಲೆ ಕೈಯಾಡಿಸುತ್ತ ಮೇಸ್ತ್ರಿಗೆ ಹೇಳಿದ:

“ಮೊದಲು ಒಂದೊಂದೇ ಬರ್ತಿತ್ತು ಮೇಸ್ತ್ರಿ. ಹೆದರಿಕೊಂಡು ತಗೋಬೇಕಾಗಿತ್ತು. ನಗರಸಭೆಯೋರು ದೊಡ್ಡವರು ನೋಡಿ, ರಶೀದಿ ಸಮೇತ ಕೊಡ್ತಾರೆ.”

ಲಾರಿ ಮರುದಿನ ಬರುವುದಿತ್ತು. ಹಾಗೆ ಬಂದರೆ ನೂರ ಹದಿನೇಳು ಕುಲುಮೆ ಸೇರುತ್ತದೆ. ಅದರ ಬಳೆಗೆ ಸರಿಹೊಂದುವ ಇನ್ನೊಂದು ಮುಚ್ಚಳ ಭೂಮಿಯ ಮೇಲಿಲ್ಲ ಎಂಬುದು ಅವನಿಗೊಬ್ಬನಿಗೇ ಗೊತ್ತು. ಸಿಮೆಂಟಿನದು ಯಾವತ್ತು ಬರುತ್ತದೋ, ಬಂದರೂ ಅದು ಠಣ್ ಎನ್ನುವುದಿಲ್ಲ. ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಎಲ್ಲರೂ ಡಬ್ಬಿ ಬಿಚ್ಚಿದರು. ಮೇಸ್ತ್ರಿ ತನ್ನ ಡಬ್ಬಿಯನ್ನು ಹಾಗೇ ಇಟ್ಟು, ಉಗ್ರಾಣದ ಬೀಗ ತೆಗೆದು, ಒಂದೊಂದೇ ಮುಚ್ಚಳದ ಹೊಟ್ಟೆಯಡಿ ಬೆರಳಾಡಿಸಿ ನೂರ ಹದಿನೇಳನ್ನು ಹುಡುಕಿ, ಅಂಚಿನ ಮೇಲೆ ನಿಲ್ಲಿಸಿ, ಮುಂಬಾಗಿಲಿನಿಂದಲೇ ಹೊರಗೆ ಉರುಳಿಸಿದ.

ಆಯುಷ್ಯದಲ್ಲಿ ಮೊದಲ ಸಲ ಕಳ್ಳತನ ಮಾಡುವವನಿಗೆ ಕೈಕಾಲು ನಡುಗಬೇಕು ತಾನೇ? ಆದರೆ ಊರೇ ಅವನಿಗೆ ಸಹಾಯಕ್ಕೆ ನಿಂತಿತು. ಮಾರುಕಟ್ಟೆಯ ಏರಿನಲ್ಲಿ ಇಬ್ಬರು ಹಮಾಲರು ಕೈ ಕೊಟ್ಟರು. ಚೌಕದಲ್ಲಿ ಪೊಲೀಸಿನವನು ಎರಡೂ ಕಡೆಯ ವಾಹನ ನಿಲ್ಲಿಸಿ ಸೀಟಿ ಊದಿ ದಾರಿ ಬಿಡಿಸಿದ. ಕಾಲು ಮುರಿದುಕೊಂಡಿದ್ದ ಛತ್ರಿ ರಿಪೇರಿಯವನು ಊರುಗೋಲು ಎತ್ತಿ, “ಅಂತೂ ಹಾಕೋಕೆ ಶುರು ಮಾಡಿದ್ರಲ್ಲ,” ಎಂದ. ಮೇಸ್ತ್ರಿ ತಲೆ ತಗ್ಗಿಸಿಕೊಂಡು ಬೀದಿಗೆ ಬಂದು, ಬಳೆಯ ಕೊಳೆಯನ್ನು ಬೆರಳಿನಿಂದ ಕೆರೆದು, ಅಂಕಿಗೆ ಅಂಕಿ ಕೂಡಿಸಿ ಮುಚ್ಚಳ ಇಳಿಸಿದ. ಅದು ಉಸಿರು ಬಿಟ್ಟ ಹಾಗೆ ಕೂತಿತು.

ಹೊಸ ಕೋಲು ಕೊಟ್ಟು ಹೆಂಡತಿಯನ್ನು ಹೊಸ್ತಿಲಿಗೆ ಕರೆತಂದ. ಆರು ತಿಂಗಳು ನಡೆಯದ ಕಾಲು ತಡವರಿಸಿತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಅವಳು ಕೋಲು ಕುಟ್ಟಲು ಹೆದರಿ ಗಾಳಿಯಲ್ಲೇ ಹಿಡಿದು ನಿಂತಳು.

“ಕುಟ್ಟು,” ಎಂದ.

ಠಣ್.

ಅವಳು ಇನ್ನೊಂದು ಸಲ ಕುಟ್ಟಿದಳು. ಮತ್ತೊಂದು ಸಲ. ಆಮೇಲೆ ಅವನ ಕಡೆ ತಿರುಗದೆಯೇ ಎಡಕ್ಕೆ ಹೊರಳಿ ಹದಿನೈದು ಹೆಜ್ಜೆ ಹಾಕಿ, ಟೈಲರ್ ಮೆಟ್ಟಿಲ ಮೇಲೆ ನಿಂತು, “ಅಣ್ಣ, ಅಂಗಿ ಇದ್ರೆ ಕೊಡಿ,” ಎಂದಳು. ಮೇಸ್ತ್ರಿ ಅಲ್ಲೇ ಮುಚ್ಚಳದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮಗುವಿನಂತೆ ಅತ್ತುಬಿಟ್ಟ.

ಮರುದಿನ ಲಾರಿ ತುಂಬುವಾಗ ನಾನೂರ ಹನ್ನೊಂದೇ ಬಂತು. ಆರು ತಿಂಗಳು ನಾನೂರು ಗುಂಡಿ ಬಾಯಿ ತೆರೆದಿದ್ದಾಗ ಸುಖವಾಗಿ ಮಲಗಿದ್ದ ಸಾಹೇಬರಿಗೆ ಒಂದು ಮುಚ್ಚಳಕ್ಕಾಗಿ ನಿದ್ದೆ ಹಾರಿತು. ಸೊನ್ನೆ ಹೋಗಿ ಒಂದಾಗಿತ್ತು. ಗುಜರಿ ಅಂಗಡಿ ಶೋಧಿಸಿದರು, ಕುಲುಮೆ ಶೋಧಿಸಿದರು, ಉಗ್ರಾಣದ ನೆಲ ಅಗೆದರು. ರಸ್ತೆಯ ಮೇಲೆ ಯಾರೂ ನೋಡಲಿಲ್ಲ. ಮುಚ್ಚಳ ಇರಲಾರದ ಜಾಗ ಅದೊಂದೇ ಎಂದು ಎಲ್ಲರಿಗೂ ಖಾತ್ರಿಯಿತ್ತು.

ಒಂಬತ್ತನೆಯ ದಿನ ಕಿರಿಯ ಇಂಜಿನಿಯರು ಹಳೆಯ ಕೆಂಪು ಬಟ್ಟೆಗಳನ್ನು ಬದಲಿಸುತ್ತ ಹೋದವನು ಬೆವರೊರೆಸಿಕೊಂಡು ವಾಪಸು ಬಂದ.

“ಸಾರ್, ನೂರ ಹದಿನೇಳನೇ ಗುಂಡಿ ಕಾಣ್ತಿಲ್ಲ.”

“ಕಾಣ್ತಿಲ್ಲ ಅಂದ್ರೆ? ಗುಂಡೀನೂ ಕದ್ದರಾ?” ಎಂದು ಸಾಹೇಬರು ಎದ್ದೇಬಿಟ್ಟರು.

ಸಬ್‌ಇನ್ಸ್‌ಪೆಕ್ಟರನ್ನು ಕರೆದುಕೊಂಡು ಬೀದಿಗೆ ಬಂದರು. ಸಬ್‌ಇನ್ಸ್‌ಪೆಕ್ಟರು ಮೇಸ್ತ್ರಿಯನ್ನು ನಿಲ್ಲಿಸಿ ಕೇಳಿದ.

“ಕದ್ದ ಮಾಲು ಎಲ್ಲಿಟ್ಟಿದೀಯಪ್ಪ?”

“ಸಾರ್, ನೀವು ಅದರ ಮೇಲೇ ನಿಂತಿದ್ದೀರಿ.”

ಸಬ್‌ಇನ್ಸ್‌ಪೆಕ್ಟರು ಬೆಚ್ಚಿ ಪಕ್ಕಕ್ಕೆ ಸರಿದ. ಇಬ್ಬರು ಪೇದೆಗಳು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ನೀನೇ ಎತ್ತು ಎಂದು ಮೇಸ್ತ್ರಿಗೆ ಹೇಳಿದರು. “ಸಾಕ್ಷ್ಯವನ್ನ ಆರೋಪಿ ಮುಟ್ಟಬಹುದಾ ಸಾರ್?” ಎಂದು ಅವನು ವಿನಯದಿಂದಲೇ ಕೇಳಿದ. ಯೋಚಿಸಬೇಕಾದ ಮಾತಾಗಿತ್ತು. ಅದೂ ಅಲ್ಲದೆ ಉಗ್ರಾಣಕ್ಕೆ ಒಯ್ಯೋಣವೆಂದರೆ ಅದು ಪುಸ್ತಕದಲ್ಲಿ ಮಾರಾಟವಾಗಿಹೋದ ವಸ್ತು, ಒಳಗೆ ತೆಗೆದುಕೊಳ್ಳುವಂತಿಲ್ಲ. ಗುಜರಿಯವನಿಗೆ ಕೊಡೋಣವೆಂದರೆ ಅದು ಸಾಕ್ಷ್ಯ, ಕರಗಿಸುವಂತಿಲ್ಲ. ಕೊನೆಗೆ ಇದ್ದಲ್ಲೇ ಜಪ್ತಿ ಮಾಡಿ, ಸುತ್ತ ಬಿಳಿ ಬಣ್ಣದಲ್ಲಿ ಗೆರೆ ಎಳೆದು, ವಿಚಾರಣೆ ಮುಗಿಯುವವರೆಗೆ ಇದನ್ನು ಯಾರೂ ಸ್ಥಳದಿಂದ ಕದಲಿಸತಕ್ಕದ್ದಲ್ಲ ಎಂದು ಮಹಜರು ಬರೆದು ಹೋದರು.

ಮೇಸ್ತ್ರಿ ಅಮಾನತಾದ. ನಿವೃತ್ತಿಗೆ ಮೂರು ತಿಂಗಳಿತ್ತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಮೊದಲು ಕಳ್ಳ ಎಂದರು. ಕಾರಣ ತಿಳಿದ ಮೇಲೆ ಪಕ್ಕದ ಬೀದಿಯವರು ಮನೆಗೇ ಬಂದು, “ನಮ್ಮ ಬೀದಿಗೂ ಒಂದು ಕದ್ದು ಕೊಡಿ ಮೇಸ್ತ್ರಿಗಳೇ,” ಎಂದು ಕೇಳಿದರು. ಇನ್ನು ಕದಿಯಲು ಒಂದೂ ಉಳಿದಿರಲಿಲ್ಲ.

ನಿವೃತ್ತಿಗೆ ನಾಲ್ಕು ದಿನ ಇರುವಾಗ ಸಾಹೇಬರು ಹೇಳಿಕಳಿಸಿದರು. ಅವರಿಗೆ ಬಡ್ತಿ ಹತ್ತಿರವಾಗಿತ್ತು, ಬಾಕಿ ಉಳಿದ ಒಂದು ಕಳವಿನ ಪ್ರಕರಣ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟರು. ಮುಚ್ಚಳವನ್ನು ಮರೆವಿನಿಂದ ತಪ್ಪು ಸ್ಥಳದಲ್ಲಿ ಇಟ್ಟಿದ್ದೇನೆ, ಕ್ಷಮೆಯಿರಲಿ ಎಂದಿತ್ತು.

“ಸಹಿ ಹಾಕ್ರೀ ಮೇಸ್ತ್ರಿ. ಇವತ್ತೇ ಕೇಸು ಮುಚ್ಚಿಬಿಡ್ತೀನಿ. ನಾಲ್ಕನೇ ದಿನ ಗಡಿಯಾರ, ಫೋಟೊ ಎಲ್ಲ ಮರ್ಯಾದೆಯಿಂದ ಆಗತ್ತೆ. ಮೂವತ್ತನಾಲ್ಕು ವರ್ಷದ ಹೆಸರು ಹಾಳುಮಾಡ್ಕೋಬೇಡಿ.”

“ಮುಚ್ಚಳ ಸಾರ್?”

“ಅದು ಹರಾಜಲ್ಲಿ ಕೊಂಡವನಿಗೆ ಸೇರಿದ್ದು. ಅವನು ಬಂದು ತಗೊಂಡು ಹೋಗ್ತಾನೆ.”

ಮೇಸ್ತ್ರಿ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು, ನಾಳೆ ಹೇಳುತ್ತೇನೆ ಎಂದು ಬಂದ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಆ ಖಾಲಿ ಜಾಗ ಇನ್ನೂ ಹಾಗೇ ಇತ್ತು. ಸಹಿ ಹಾಕುವ ಮನಸ್ಸು ಅವನಿಗೆ ಆಗಲಿಲ್ಲ ಎಂದರೆ ಸುಳ್ಳಾದೀತು. ಕಳ್ಳ ಎಂಬ ಮಾತು ಅವನ ಎದೆಗೆ ನಾಟಿತ್ತು. ಬೀದಿ ನಲ್ಲಿಯ ಬಳಿ ಜನ ಅವನನ್ನು ಕಂಡು ಮಾತು ನಿಲ್ಲಿಸಿದಾಗ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

“ಹಾಕಿಬಿಡಿ ರೀ. ನನ್ನಿಂದ ನಿಮಗೆ ಆ ಹೆಸರು ಬೇಡ. ನಾನು ಮನೇಲೇ ಇರ್ತೀನಿ. ಅಭ್ಯಾಸ ಆಗಿದೆ.”

“ಗಡಿಯಾರ ಬರತ್ತೆ,” ಎಂದ ಅವನು, ಏನಾದರೂ ಹೇಳಬೇಕೆಂದು.

“ಹೂಂ. ಕೂತು ಕೇಳ್ತೀನಿ.”

ಅಷ್ಟು ಹೇಳಿ ಅವಳು ಹೊಲಿದಿದ್ದ ಅಂಗಿಗಳ ಗಂಟು ಕಟ್ಟಿದಳು. ಇವತ್ತಿನ ಕೆಲಸ ಇವತ್ತು ಮುಟ್ಟಿಸಬೇಕಲ್ಲ ಎಂದು ಕೋಲು ಹಿಡಿದು ಹೊರಟಳು. ಅವನು ಬಾಗಿಲಲ್ಲಿ ನಿಂತು ನೋಡಿದ. ಬೆನ್ನು ನೆಟ್ಟಗೆ, ತಲೆ ಸ್ವಲ್ಪ ಓರೆ, ಸದ್ದಿಗೆ ಕಿವಿ ಕೊಟ್ಟು. ಇಪ್ಪತ್ತೆರಡಕ್ಕೆ ಠಣ್ ಎಂದಿತು. ಅವಳು ಅಲ್ಲೇ ನಿಂತಳು, ಕೋಲಿನ ತುದಿಯಿಂದ ಮುಚ್ಚಳವನ್ನು ಎರಡು ಸಲ ಮೆತ್ತಗೆ ಸವರಿದಳು. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದಳೋ ಏನೋ.

ಮರುದಿನ ಮೇಸ್ತ್ರಿ ಹಾಳೆಯನ್ನು ಮಡಿಕೆ ಬಿಚ್ಚದೆ ಸಾಹೇಬರ ಮೇಜಿನ ಮೇಲಿಟ್ಟ.

“ಸಹಿ ಎಲ್ರೀ?”

“ಇಲ್ಲ ಸಾರ್. ವಿಚಾರಣೆ ನಡೀಲಿ.”

“ಕದ್ದಿದ್ದು ನೀವೇ ಅಂತ ಊರಿಗೆಲ್ಲ ಗೊತ್ತು. ಏನು ವಿಚಾರಣೆ?”

“ಗೊತ್ತಿದ್ರೆ ಒಬ್ಬೊಬ್ಬರೂ ಬಂದು ಹೇಳಲಿ ಸಾರ್. ಹಮಾಲರು, ಚೌಕದ ಪೊಲೀಸು, ಛತ್ರಿಯೋನು. ಸಾಕ್ಷಿಗಳು ನಲವತ್ತೊಂದು ಜನ ಇದಾರೆ, ಪಟ್ಟಿ ತಂದಿದೀನಿ. ಆಮೇಲೆ ನನಗೆ ಎಲ್ಲ ಕಾಗದದ ನಕಲು ಬೇಕು. ಮುಚ್ಚಳ ತೆಗೆಯೋಕೆ ಹೇಳಿದ ಆದೇಶದಿಂದ ಹಿಡಿದು.”

ಸಾಹೇಬರ ಮುಖ ಬಿಳಿಚಿತು. ಮೂವತ್ತನಾಲ್ಕು ವರ್ಷ ಒಂದು ಕೆಲಸವನ್ನೂ ನಾಳೆಗೆ ತಳ್ಳದ ಮನುಷ್ಯ, ತಳ್ಳುವ ವಿದ್ಯೆಯನ್ನು ಕಚೇರಿಯಿಂದಲೇ ಅಷ್ಟು ಚೆನ್ನಾಗಿ ಕಲಿತಿದ್ದ.

ನಾಲ್ಕನೆಯ ದಿನ ಮೇಸ್ತ್ರಿಗೆ ಅರವತ್ತಾಯಿತು. ಗಡಿಯಾರ ಬರಲಿಲ್ಲ. ಸಾಹೇಬರು ಬಡ್ತಿ ಪಡೆದು ಹೋದರು, ಅವರ ನಂತರ ಇಬ್ಬರು ಬಂದು ಹೋದರು. ಆದೇಶದ ನಕಲು ಇನ್ನೂ ಹುಡುಕುತ್ತಿದ್ದಾರೆ. ಸಾಕ್ಷಿಗಳಲ್ಲಿ ಒಂಬತ್ತು ಮಂದಿಯ ಹೇಳಿಕೆ ಆಗಿದೆ, ಮೂವತ್ತೆರಡು ಬಾಕಿ. ವಿಚಾರಣೆಯ ದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲೇ ಹೋಗಿ ಕೂರುತ್ತಾನೆ, ಮುಂದೂಡಿದ್ದಾರೆ ಎಂದು ತಿಳಿದ ಮೇಲೆ ಎಲ್ಲರಿಗೂ ಕೈ ಮುಗಿದು ಎದ್ದು ಬರುತ್ತಾನೆ. ಬಿಳಿ ಗೆರೆ ಮಾಸಿದರೆ ತಾನೇ ಹೋಗಿ ಅರ್ಜಿ ಕೊಟ್ಟು ಮತ್ತೆ ಬಳಿಸುತ್ತಾನೆ.

ಬಾಗಿಲ ಪಕ್ಕದ ಆ ಮೊಳೆ ಖಾಲಿ ಉಳಿದಿಲ್ಲ. ಅವಳು ಅದಕ್ಕೆ ಕೋಲು ನೇತುಹಾಕುತ್ತಾಳೆ. ಕೈ ಚಾಚಿದರೆ ಸರಿಯಾಗಿ ಸಿಗುವ ಎತ್ತರ. ಬೆಳಿಗ್ಗೆ ಹತ್ತಕ್ಕೆ ಕೋಲು ತೆಗೆದುಕೊಂಡು ಗಂಟು ಹಿಡಿದು ಹೊರಡುತ್ತಾಳೆ. ಅವನು ಹೊಸ್ತಿಲ ಮೇಲೆ ನಿಂತು ಮನಸ್ಸಿನಲ್ಲೇ ಎಣಿಸುತ್ತಾನೆ. ಇಪ್ಪತ್ತೆರಡಕ್ಕೆ ಆ ಸದ್ದು ಬಂದ ಮೇಲೆ ಕಳ್ಳ ಒಳಗೆ ಹೋಗಿ ತನ್ನ ಚಹಾ ಕುಡಿಯುತ್ತಾನೆ.